ಬಾಡಿಗೆಯ ಕಾರೂ ತೈಲದ ಲೆಕ್ಕವೂ

ಮನೆಮಂದಿಯನ್ನು ಕೂಡಿಸಿಕೊಂಡು ಪರಸ್ಥಳಕ್ಕೆ ಹೊರಡುವ ಗೃಹಸ್ಥನು ಬುತ್ತಿಯನ್ನು ಮರೆಯುವುದಿಲ್ಲ, ಹೊದಿಕೆಯನ್ನು ಮರೆಯುವುದಿಲ್ಲ. ಬಾಡಿಗೆಯ ಕಾರಿನ ತೈಲವು ಯಾರ ಲೆಕ್ಕಕ್ಕೆ ಎಂಬ ಪ್ರಶ್ನೆಯನ್ನು ಮಾತ್ರ ಸಂಕೋಚದಿಂದ ಮರಳಿ ಬರುವ ತನಕ ಮುಂದೂಡುತ್ತಾನೆ. ಆ ಸಂಕೋಚದ ಫಲವನ್ನು ಅನೇಕ ವೇಳೆ ಉಣ್ಣುವವನು ಅವನಲ್ಲ, ಕಾರು ನಡೆಸುವ ಬಡ ಚಾಲಕನು. ಆದುದರಿಂದ ಈ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತೇವೆ.

ನಮ್ಮ ಬಂಧುಗಳೊಬ್ಬರು ರಜೆಯಲ್ಲಿ ಇಂಗ್ಲೆಂಡಿಗೆ ಹೋಗಿ, ಕಾರನ್ನು ಬಾಡಿಗೆಗೆ ಹಿಡಿದು ತಾವೇ ನಡೆಸಿದರು. ತುಂಬಿ ಕೊಟ್ಟ ತೊಟ್ಟಿಯನ್ನು ತುಂಬಿಯೇ ಒಪ್ಪಿಸತಕ್ಕದ್ದೆಂಬುದು ಅಲ್ಲಿ ರೂಢವಾದ ಕರಾರು. ತುಂಬಿಸದೆ ಒಪ್ಪಿಸಿದರೆ ತೈಲದ ಬೆಲೆಯ ಮೇಲೆ ತುಂಬಿಸುವ ಕೂಲಿಯನ್ನೂ ಸೇರಿಸಿ ವಸೂಲು ಮಾಡುವುದುಂಟು. ಪಂಪಿನಲ್ಲಿ ಆಳು ಇರುವುದು ವಿರಳ. ತಾನೇ ತುಂಬಿಕೊಂಡು ಹಣ ತೆರಬೇಕು. ಪೆಟ್ರೋಲಿನ ನಳಿಗೆ ಹಸುರು, ಡೀಸೆಲಿನದು ಕಪ್ಪು. ಕಾರ್ಡಿನ ಯಂತ್ರವು ರೂಪಾಯಿಯೋ ಪೌಂಡೋ ಎಂದು ಕೇಳಿದರೆ ಪೌಂಡೆನ್ನುವುದೇ ಸಾಮಾನ್ಯವಾಗಿ ಲಾಭಕರ. ರೂಪಾಯಿ ಎಂದರೆ ಅವರು ಹೇಳಿದ ವಿನಿಮಯದ ದರವೇ ದರ.

ಚಿಕ್ಕೋಡಿ, ರಾಯಬಾಗ, ಅಥಣಿಗಳ ಗೃಹಸ್ಥರಾದ ನಮಗೆ ಪರರಾಜ್ಯವು ಅಷ್ಟು ದೂರವಿಲ್ಲ. ನಿಪ್ಪಾಣಿಯಾಚೆ ಕಾಗಲು, ಕಾಗವಾಡದಾಚೆ ಮಿರಜು. ಗಡಿ ದಾಟಿದೊಡನೆ ತೈಲದ ಬೆಲೆಯೂ ಬೇರೆಯಾಗುತ್ತದೆ. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದಾಗ ಪೆಟ್ರೋಲು ಡೀಸೆಲುಗಳನ್ನು ಅದರ ಹೊರಗಿಟ್ಟುದರಿಂದ ಪ್ರತಿಯೊಂದು ರಾಜ್ಯವೂ ತನ್ನ ತೆರಿಗೆಯನ್ನು ತಾನೇ ಗೊತ್ತುಮಾಡುತ್ತದೆ. ಕರ್ನಾಟಕವು 2024ರ ಜೂನಿನಲ್ಲಿ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇಕಡಾ 25.92ರಿಂದ 29.84ಕ್ಕೆ ಏರಿಸಿತು. ಅಗ್ಗದ ಪಂಪನ್ನರಸಿ ಗಡಿಗೆ ಬರುವವರು ನಮ್ಮಲ್ಲಿ ಹೊಸಬರಲ್ಲ. ಆದರೆ ಲೀಟರಿಗೆ 2 ರೂಪಾಯಿ ಉಳಿದರೆ 25 ಲೀಟರಿಗೆ ಉಳಿಯುವುದು 50 ರೂಪಾಯಿ. ಅದಕ್ಕಾಗಿ 15 ಕಿಲೋಮೀಟರು ಸುತ್ತಿದರೆ ಉರಿಯುವುದು ಒಂದು ಲೀಟರು, ಅಂದರೆ ಸುಮಾರು ನೂರು ರೂಪಾಯಿ! ಪಂಪು ದಾರಿಯಲ್ಲಿಯೇ ಸಿಕ್ಕರೆ ಲಾಭ, ಹುಡುಕಿಕೊಂಡು ಹೋದರೆ ನಷ್ಟ.

ಈಚೆಗೆ ಕಾರ್ತಿಕ ಏಕಾದಶಿಯ ಕಾಲಕ್ಕೆ ನಾವು ಕುಟುಂಬಸಮೇತರಾಗಿ ಕಾಗವಾಡ ಮಿರಜುಗಳ ಮೇಲೆ ಪಂಢರಪುರಕ್ಕೆ ಹೋಗಿ ಬಂದೆವು. ಕಿಲೋಮೀಟರಿನ ಮೇಲೆ ಬಾಡಿಗೆ. ತೈಲವು ಕಾರಿನ ಒಡೆಯನ ಲೆಕ್ಕಕ್ಕೆ. ಆದರೂ ನಮ್ಮ ಮನೆಯವರು ಇಂಗ್ಲೆಂಡಿನ ಆ ಪದ್ಧತಿಯನ್ನು ಕೇಳಿದ್ದರಾಗಿ, ಹೊರಡುವಾಗ ಚಿಕ್ಕೋಡಿಯಲ್ಲಿ ತೊಟ್ಟಿಯನ್ನು ತುಂಬಿಸಿ, ಮೀಟರಿನ ಅಂಕೆಯನ್ನು ಖರ್ಚಿನ ವಹಿಯಲ್ಲಿ ಬರೆದಿಟ್ಟರು. ಮರಳಿ ಬಂದಾಗ ನಡೆದ ದಾರಿ 375 ಕಿಲೋಮೀಟರು. ತೊಟ್ಟಿ ಹಿಡಿದದ್ದು 27 ಲೀಟರು. ಲೀಟರಿಗೆ 15ರಂತೆ 25 ಸಾಕಿತ್ತು, ಉಳಿದೆರಡನ್ನು ದಾರಿಯಲ್ಲಿ ಮಾರಿಕೊಂಡಿದ್ದಾನೆಂದು ಒಡೆಯನು ನಮ್ಮೆದುರಿಗೇ ಚಾಲಕನ ಮೇಲೆ ಹರಿಹಾಯ್ದು, ಸಂಬಳದಲ್ಲಿ ಮುರಿದುಕೊಳ್ಳುವೆನೆಂದನು. ಆ ಹುಡುಗನು ತಲೆತಗ್ಗಿಸಿ ನಿಂತನು. ಎದುರಾಡಿದರೆ ಕೆಲಸವೇ ಹೋಗುವ ಭಯ. ಆಗ ನಮ್ಮ ಮನೆಯವರು ವಹಿಯನ್ನು ತಂದು ತೋರಿಸಿದರು. ಪಂಢರಪುರದ ಸಮೀಪದ ಗಾಡಿಗಳ ಸಾಲಿನಲ್ಲಿ ಎರಡು ತಾಸಿಗೂ ಮಿಕ್ಕಿ ನಿಂತಾಗ, ಅವರಿಗೆ ಉಸಿರು ಕಟ್ಟಿದಂತಾಗಿ, ತಂಪು ಗಾಳಿಗಾಗಿ ಯಂತ್ರವನ್ನು ನಡೆಸುತ್ತಲೇ ಇರಿಸಿದ ವಿಷಯವು ವೇಳೆಯೊಂದಿಗೆ ಅದರಲ್ಲಿತ್ತು. ತೈಲವು ಉರಿದದ್ದು ನಮಗಾಗಿ. ಕರಾರಿನಂತೆ ಋಣ ನಮ್ಮದಲ್ಲದಿದ್ದರೂ ಎರಡು ಲೀಟರಿನ ಬೆಲೆಯನ್ನು ನಾವು ಕೊಟ್ಟೆವು, ಒಡೆಯನೂ ಸುಮ್ಮನಾದನು.

ಆದುದರಿಂದ ವಾಚಕರು ಕಾರು ಹತ್ತುವ ಮುಂಚೆ ಇಷ್ಟನ್ನು ನೋಡಿಕೊಳ್ಳತಕ್ಕದ್ದು. ಚಾಲಕನೊಡನೆ ಬರುವ ಬಾಡಿಗೆಯ ಕಾರಿಗೆ ಹಳದಿ ಫಲಕದ ಮೇಲೆ ಕಪ್ಪಕ್ಷರ, ನಾವೇ ನಡೆಸುವುದಕ್ಕೆ ಕಪ್ಪು ಫಲಕದ ಮೇಲೆ ಹಳದಿಯಕ್ಷರ. ಬಿಳಿಯ ಫಲಕದ ಕಾರನ್ನು ಬಾಡಿಗೆಗೆ ಹಿಡಿದರೆ ಅಪಘಾತದಲ್ಲಿ ವಿಮೆಯವರು ಕೈಯೆತ್ತಬಹುದು. ಪರರಾಜ್ಯದ ಪರವಾನಗಿಯುಂಟೇ? ತೈಲ, ದಾರಿಯ ಸುಂಕ, ಚಾಲಕನ ಭತ್ಯೆ ಯಾರ ಪಾಲಿಗೆ? ನಿಂತಾಗ ಉರಿದ ತೈಲ ಯಾರದು? ಇವೆಲ್ಲವನ್ನೂ ಬಾಯಿಮಾತಿಗೆ ಬಿಡದೆ ಕಾಗದಕ್ಕಿಳಿಸಬೇಕು. ಹೀಗೆ ಬರೆಯುವುದು ಜಿಪುಣತನವೆಂದು ಕೆಲವರು ನಗುವರು. ನಕ್ಕರೆ ನಗಲಿ. ಬಾಯಿಲ್ಲದವನ ಪರವಾಗಿ ಮಾತಾಡಲು ಒಮ್ಮೊಮ್ಮೆ ವಹಿಯ ಒಂದು ಸಾಲಿನ ಹೊರತು ಬೇರೆ ಸಾಕ್ಷಿಯಿರುವುದಿಲ್ಲ.