ಹಂಸಭಾವಿಯಿಂದ ಹುಬ್ಬಳ್ಳಿಯ ಪ್ಯಾಸೆಂಜರ್ ಗಾಡಿಗೆ

ಹಂಸಭಾವಿಗೆ ರೈಲಿಲ್ಲ. ಹೆಸರಿನಲ್ಲಿ ಹಂಸವಿದೆ, ಬಾವಿಯಿದೆ. ಊರಿನಲ್ಲಿ ಶಾಲೆ ಕಾಲೇಜುಗಳಿವೆ. ಸುತ್ತಲೂ ಹತ್ತಿ, ಗೋವಿನಜೋಳಗಳ ಹೊಲಗಳಿವೆ. ಹಳಿ ಮಾತ್ರ ಇಲ್ಲ. ಶಿವಮೊಗ್ಗದಿಂದ ಶಿಕಾರಿಪುರದ ಮೇಲೆ ರಾಣೆಬೆನ್ನೂರಿಗೆ ಬರುವ ಹೊಸ ಮಾರ್ಗಕ್ಕೆ 2023ರ ಫೆಬ್ರುವರಿಯಲ್ಲಿ ಅಡಿಗಲ್ಲು ಬಿದ್ದಿತು. ಆ ಸುದ್ದಿಯಿಂದ ಹಿರೇಕೆರೂರು ಸೀಮೆಯವರ ಕಿವಿ ತಂಪಾಯಿತೇ ಹೊರತು, ಹುಬ್ಬಳ್ಳಿಗೆ ಗಾಡಿಯಲ್ಲಿಯೇ ಹೋಗಬೇಕೆಂಬ ಹಂಸಭಾವಿಯವನು ಬಸ್ಸು ಹಿಡಿದು ಬ್ಯಾಡಗಿಯನ್ನೋ ಹಾವೇರಿಯನ್ನೋ ರಾಣೆಬೆನ್ನೂರನ್ನೋ ಮುಟ್ಟುವುದು ತಪ್ಪಲಿಲ್ಲ.

ಈ ಸೀಮೆಯ ಜನ ಮಾತಿಗೆ ಹಿಂದೆಗೆಯುವವರಲ್ಲ. ಅಬಲೂರು, ಮಾಸೂರುಗಳ ನೆಲ ಸರ್ವಜ್ಞನದೆಂದು ಹೇಳುತ್ತಾರೆ. ಉಪ್ಪಿನಿಂದ ಹಿಡಿದು ಮೋಕ್ಷದವರೆಗೆ ಯಾವುದರ ಮೇಲೂ ಮೂರು ಸಾಲು ನುಡಿಯಬಲ್ಲ ಆ ಕವಿಯ ನೆರೆಹೊರೆಯವರು ಅಮೆರಿಕದ ಅಧ್ಯಕ್ಷನ ಮೇಲೆ ಎರಡು ಮಾತಾಡಿದರೆ ಆಶ್ಚರ್ಯವೇನು? 2025ರ ಡಿಸೆಂಬರಿನ ಒಂದು ಮುಂಜಾನೆ, ಹಂಸಭಾವಿಯ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು, ರುಮಾಲು ಸುತ್ತಿದ ವೃದ್ಧ ರೈತನೊಬ್ಬನು ಅದನ್ನೇ ಮಾಡುತ್ತಿದ್ದನು.

"ಎಲ್ಲೆರ ದೊಡ್ಡದೊಂದು ಯುದ್ಧ ಆಗ್ಲಿ ನೋಡ್ರಿ. ಹತ್ತಿ ರೇಟ್ ತಾನ ಏರತೈತಿ."

ಆಡಿದ್ದು ಹಗುರವಾದ ಮಾತು. ಆದರೆ ಅದರ ಹಿಂದಿದ್ದ ಹೊರೆ ಹಗುರವಾದುದಲ್ಲ. ಅವನ ಮನೆಯ ಪಡಸಾಲೆಯಲ್ಲಿ ಆ ವರ್ಷದ ಹತ್ತಿಯೆಲ್ಲ ಬಿದ್ದಿತ್ತು. ಮಾರಿಬಿಡೋಣವೆಂದು ಮಗನ ಹಟ. ಕಾಯೋಣವೆಂದು ತಂದೆಯ ಹಟ. ಸೊಸೈಟಿಯ ಸಾಲದ ಕಂತು ಯಾರಿಗೂ ಕಾಯುವಂತಿರಲಿಲ್ಲ. ಹುಬ್ಬಳ್ಳಿಯ ಪೇಟೆಯ ಧಾರಣೆಯನ್ನು ಕಣ್ಣಾರೆ ಕಂಡು ಬರುವೆನೆಂದು ಮುದುಕನು ಹೊರಟಿದ್ದನು.

ಬ್ಯಾಡಗಿಯ ನಿಲ್ದಾಣದಲ್ಲಿ ಮೊದಲು ಬರಮಾಡಿಕೊಳ್ಳುವುದು ಸೀನು. ಪೇಟೆಯ ಕೆಂಪು ಮೆಣಸಿನಕಾಯಿಯ ಘಾಟು ಗಾಳಿಯಲ್ಲಿ ತೇಲಿ ಬರುತ್ತದೆ. 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಈ ಕಾಯಿಯ ಮೂಲಪುರುಷರೂ ಅಮೆರಿಕ ಖಂಡದವರೇ. ಪೋರ್ತುಗೀಜರ ಹಡಗು ಹತ್ತಿ ಬಂದವರು. ಬ್ಯಾಡಗಿಯವರಿಗೆ ಅದನ್ನು ಹೇಳಿ ಯಾರೂ ಜಗಳಕ್ಕೆ ನಿಲ್ಲಬಾರದು.

ಎಕ್ಸ್‌ಪ್ರೆಸ್ ಗಾಡಿಯಲ್ಲಿ ಜನ ನಿದ್ದೆ ಮಾಡುತ್ತಾರೆ. ಪ್ಯಾಸೆಂಜರ್ ಗಾಡಿಯಲ್ಲಿ ಮಾತಾಡುತ್ತಾರೆ. ಇಲ್ಲಿ ಸೀಟು ಕಾದಿರಿಸುವವರಿಲ್ಲ. ಅಭಿಪ್ರಾಯಕ್ಕೂ ಕಾದಿರಿಸುವಿಕೆ ಬೇಕಿಲ್ಲ. ಮುದುಕನ ಎದುರಿಗೆ ನಿವೃತ್ತ ಮಾಸ್ತರರೊಬ್ಬರು, ಪಕ್ಕದಲ್ಲಿ ಮೊಬೈಲು ಹಿಡಿದ ತರುಣನೊಬ್ಬ, ಕಿಟಕಿಯ ಬಳಿ ಬುತ್ತಿಗಂಟು ಇಟ್ಟುಕೊಂಡ ನಡುವಯಸ್ಸಿನ ಹೆಣ್ಣುಮಗಳೊಬ್ಬಳು. ಗಾಡಿ ಹಾವೇರಿಯನ್ನು ಬಿಡುವಷ್ಟರಲ್ಲಿ ಮಾತು ಅಮೆರಿಕವನ್ನು ತಲುಪಿಯಾಗಿತ್ತು.

"ಅಜ್ಜಾರ, ನಿಮ್ಮ ಹತ್ತಿ ರೇಟ್ ಅಮೆರಿಕಾದಾಗ ಕುಂತೈತಿ," ಎಂದು ತರುಣನು ಆರಂಭಿಸಿದನು. 2025ರ ಆಗಸ್ಟಿನಲ್ಲಿ ಅಮೆರಿಕ ಸರ್ಕಾರವು ಭಾರತದ ಬಹಳಷ್ಟು ಸರಕುಗಳ ಮೇಲಿನ ಸುಂಕವನ್ನು ಶೇಕಡಾ 50ಕ್ಕೆ ಏರಿಸಿತು. ಬಟ್ಟೆಯ ಗಿರಣಿಗಳು ತತ್ತರಿಸಿದವು. ಅವುಗಳಿಗೆ ಅಗ್ಗದ ಹತ್ತಿ ಸಿಗಲೆಂದು ಭಾರತ ಸರ್ಕಾರವು ಅದೇ ತಿಂಗಳು ಆಮದು ಹತ್ತಿಯ ಮೇಲಿನ ಶೇಕಡಾ 11ರ ಸುಂಕವನ್ನು ತೆಗೆದು, ಆ ರಿಯಾಯಿತಿಯನ್ನು ಡಿಸೆಂಬರ್ 31ರವರೆಗೆ ಮುಂದುವರಿಸಿತು. ವಾಷಿಂಗ್ಟನ್ನಿನಲ್ಲಿ ಬಿದ್ದ ಒಂದು ರುಜು ಹಂಸಭಾವಿಯ ಪಡಸಾಲೆಯವರೆಗೆ ಬಂದಿತ್ತು.

"ಹಂಗಾದ್ರ ಯುದ್ಧನ ಛಲೋ ಅಂದೆ ನಾ," ಎಂದನು ಮುದುಕ. "ಸುಂಕದಾಗ ರೇಟ್ ಇಳಿತೈತಿ, ಯುದ್ಧದಾಗ ಏರತೈತಿ."

ಮಾಸ್ತರರು ಕನ್ನಡಕ ಒರೆಸಿಕೊಂಡರು. "ಗೌಡ್ರ, ಅದು ಒಮ್ಮೆ ಆಗೇತ್ರಿ. ಇದ ನೆಲದಾಗ ಆಗೇತಿ," ಎಂದು ಅವರು ಹೇಳಿದ ಕಥೆ ಕರಜಗಿಯ ಬಳಿ ವರದಾ ನದಿ ಕಾಣಿಸಿಕೊಂಡಾಗ ಆರಂಭವಾಗಿ, ಸವಣೂರು, ಯಲವಿಗಿಗಳನ್ನು ದಾಟಿಯೂ ಮುಗಿಯಲಿಲ್ಲ.

1840ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಅಮೆರಿಕದಿಂದ ಹತ್ತಿಯ ಬೇಸಾಯಗಾರರನ್ನು ಕರೆತರಿಸಿತು. ಅವರಲ್ಲಿ ಮರ್ಸರನೆಂಬವನು ಹುಬ್ಬಳ್ಳಿಯ ಸೀಮೆಗೆ ಬಂದನು. ನ್ಯೂ ಆರ್ಲಿಯನ್ಸಿನ ಬೀಜವು ಇಲ್ಲಿಯ ಎರೆನೆಲಕ್ಕೆ ಒಗ್ಗಿತು. ನಾಡಹತ್ತಿಗೆ, ಅದನ್ನು ಸಾಗಿಸುತ್ತಿದ್ದ ಬಂದರಿನಿಂದಾಗಿ, ವ್ಯಾಪಾರದಲ್ಲಿ 'ಕುಮಟಾ' ಎಂಬ ಹೆಸರು. ಹೊಸದಕ್ಕೆ 'ಧಾರವಾಡ-ಅಮೆರಿಕನ್' ಎಂಬ ಹೆಸರು. ಆಗ ಹಿರೇಕೆರೂರು ಸೀಮೆಯು ಧಾರವಾಡ ಜಿಲ್ಲೆಯ ಕೋಡ ತಾಲೂಕಾಗಿತ್ತು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿತು. ಗುಲಾಮರ ದುಡಿಮೆಯಿಂದ ಹತ್ತಿ ಬೆಳೆಯುತ್ತಿದ್ದ ದಕ್ಷಿಣದ ರಾಜ್ಯಗಳ ಬಂದರುಗಳನ್ನು ಅಧ್ಯಕ್ಷ ಲಿಂಕನ್ನನು ದಿಗ್ಬಂಧಿಸಿದನು. ಲಂಕಾಶೈರಿನ ಗಿರಣಿಗಳು ಹತ್ತಿಯಿಲ್ಲದೆ ನಿಂತವು. ಇಂಗ್ಲೆಂಡಿನ ಕಣ್ಣು ಧಾರವಾಡದ ಮೇಲೆ ಬಿದ್ದಿತು. ಬೆಲೆ ಗಗನಕ್ಕೇರಿತು, ಚಕ್ಕಡಿಗಳ ಸಾಲು ಘಟ್ಟ ಇಳಿಯಿತು, ಕಾರವಾರದ ಬಂದರು ಹತ್ತಿಯ ಜಿಲ್ಲೆಗಳೊಂದಿಗೆ ಒಂದೇ ಆಡಳಿತದಲ್ಲಿರಲೆಂದು 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದರು.

"ಅಂದ್ರ ನಾ ಹೇಳಿದ್ದ ಖರೆ ಆತಲ್ರಿ!" ಎಂದು ಮುದುಕನು ತೊಡೆ ತಟ್ಟಿದನು.

"ಇನ್ನೂ ಮುಗಿದಿಲ್ರಿ."

1865ರ ಏಪ್ರಿಲಿನಲ್ಲಿ ಯುದ್ಧ ಮುಗಿಯಿತು. ಹತ್ತಿಯ ಬೆಲೆ ಕುಸಿಯಿತು. ಮುಂಬಯಿಯಲ್ಲಿ ಷೇರು ವ್ಯಾಪಾರದ ದೊಡ್ಡ ದೊಡ್ಡ ಮನೆಗಳು ಮುಳುಗಿದವು. ಏರಿದ ಬೆಲೆಯ ಧೈರ್ಯದಿಂದ ಮಾಡಿದ ಸಾಲ ಮಾತ್ರ ಇಳಿಯಲಿಲ್ಲ. ಅಂಥ ಸಾಲಗಳೂ ಒಂದು ಕಾರಣವಾಗಿ, 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಮರುವರ್ಷವೇ ಎರಡು ವರ್ಷಗಳ ಘೋರ ಬರ. ಅನ್ನ ಸಾಗಿಸಲು ದಾರಿಯಿಲ್ಲದೆ ಜನ ಸತ್ತ ಮೇಲೆ, 1882ರಲ್ಲಿ ದಕ್ಷಿಣ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಹುಬ್ಬಳ್ಳಿಯಿಂದ ಹರಿಹರದವರೆಗಿನ ಈ ಮಾರ್ಗವೂ ಅದರದೇ.

"ಹತ್ತಿಗೆ ಬೇಕಂತ ಕೂಗಿದಾಗ ಬರಲಿಲ್ಲ, ಹೆಣ ಬಿದ್ದ ಮ್ಯಾಗ ಬಂತು," ಎಂದರು ಮಾಸ್ತರರು.

ಮುದುಕನು ಸುಮ್ಮನಾದರೂ ಸೋಲೊಪ್ಪಲಿಲ್ಲ. ಅವನಿಗೂ ಒಂದು ಅಮೆರಿಕ ಗೊತ್ತಿತ್ತು. 1965, 66ರ ಬರದಲ್ಲಿ ದೇಶವೇ ಅಮೆರಿಕದ ಪಿ.ಎಲ್. 480 ಯೋಜನೆಯ ಗೋದಿಗೆ ಕಾದಿತ್ತು. ಶಾಲೆಯಲ್ಲಿ ಕೊಡುತ್ತಿದ್ದ ಉಪ್ಪಿಟ್ಟಿನ ರುಚಿಯನ್ನು ಅವನು ಈಗಲೂ ಹೊಗಳಿದನು. ಆ ಗೋದಿಯ ಜೊತೆಗೇ ಬಂದಿತೆಂದು ಜನ ಬೈಯುವ ಪಾರ್ಥೇನಿಯಂ ಕಳೆ ಕಿಟಕಿಯಾಚೆ ಹಳಿಯ ಬದಿಗೆ ಬೆಳೆದು ನಿಂತಿತ್ತು. ಆದರೆ ಆ ಅನ್ನಕ್ಕೂ ಯುದ್ಧದ ನಂಟಿತ್ತು. ವಿಯೆಟ್ನಾಮಿನಲ್ಲಿ ಅಮೆರಿಕ ಹಾಕುತ್ತಿದ್ದ ಬಾಂಬುಗಳನ್ನು ಭಾರತ ಟೀಕಿಸಿದ್ದು ಅಧ್ಯಕ್ಷ ಜಾನ್ಸನ್ನನಿಗೆ ಹಿಡಿಸಲಿಲ್ಲ. ಅವನು ಗೋದಿಯ ಹಡಗುಗಳನ್ನು ತಡೆತಡೆದು, ಸ್ವಲ್ಪ ಸ್ವಲ್ಪವಾಗಿ ಬಿಡಿಸಿದನು. ಶಾಲೆಯ ಹುಡುಗನಿಗೆ ತಟ್ಟೆಯ ಉಪ್ಪಿಟ್ಟು ಕಂಡಿತ್ತೇ ಹೊರತು, ಅದರ ಹಿಂದಿನ ಈ ಜಗ್ಗಾಟ ಕಂಡಿರಲಿಲ್ಲ.

ಅಷ್ಟು ಹೊತ್ತೂ ಕಿಟಕಿಯ ಹೊರಗೆ ನೋಡುತ್ತಿದ್ದ ಹೆಣ್ಣುಮಗಳು ಬುತ್ತಿ ಬಿಚ್ಚಿ ಎಲ್ಲರಿಗೂ ರೊಟ್ಟಿ, ಶೇಂಗಾ ಚಟ್ನಿ ಹಂಚಿದಳು. ಬಳಿಕ ಮೆಲ್ಲಗೆ ಹೇಳಿದಳು:

"ಯಣ್ಣಾ, ಯುದ್ಧ ಆಗ್ಲಿ ಅನಬ್ಯಾಡ್ರಿ. ನಮ್ಮ ಜಿಲ್ಲಾದ ಹುಡುಗ ಒಬ್ಬ ಡಾಕ್ಟರಕಿ ಕಲಿಯಾಕ ಹೋಗಿ, ಅಲ್ಲೇ ಹೆಣ ಆದ. ಅವನ ತಾಯಿಗೆ ಯಾವ ರೇಟ್ ಏರಿತ್ರಿ?"

2022ರ ಮಾರ್ಚಿನಲ್ಲಿ ಉಕ್ರೇನಿನ ಖಾರ್ಕಿವ್ ನಗರದಲ್ಲಿ ಷೆಲ್ಲಿನ ದಾಳಿಗೆ ಬಲಿಯಾದ ಹಾವೇರಿ ಜಿಲ್ಲೆಯ ವೈದ್ಯವಿದ್ಯಾರ್ಥಿಯ ಮಾತು ಅದು. ಹಲವು ದಿನಗಳ ಮೇಲೆ ಅವನ ದೇಹ ತಾಯ್ನಾಡಿಗೆ ಬಂದಾಗ ಜಿಲ್ಲೆಗೆ ಜಿಲ್ಲೆಯೇ ಅತ್ತಿತ್ತು. ಆ ಡಬ್ಬಿಯಲ್ಲಿದ್ದ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಮುದುಕನು ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ಬಾಯಿಗಿಡದೆ ಹಿಡಿದೇ ಕುಳಿತನು.

"ತಪ್ಪಾತು ತಂಗಿ," ಎಂದನು ಕೊನೆಗೆ.

ಗುಡಗೇರಿ ಹೋಯಿತು, ಸಂಶಿ ಹೋಯಿತು. ಕುಂದಗೋಳದ ಎರೆಹೊಲಗಳು ಬಿಸಿಲಿನಲ್ಲಿ ಕಪ್ಪಗೆ ಚಾಚಿಕೊಂಡಿದ್ದವು. ಲಿಂಕನ್ನನ ಕಾಲದಲ್ಲಿ ಅಲ್ಲಿ ಹತ್ತಿ ಬೆಳೆದವನಿಗೆ ಲಿಂಕನ್ನನ ಹೆಸರೂ ಗೊತ್ತಿರಲಾರದು. ಬೆಲೆ ಏರಿದುದೂ ಇಳಿದುದೂ ಅವನಿಗೆ ದೈವದ ಆಟವೆಂದೇ ಕಂಡಿರಬೇಕು. ಇಂದಿನ ಪ್ಯಾಸೆಂಜರ್ ಗಾಡಿಯ ಪಯಣಿಗನಿಗೆ ಎಲ್ಲರ ಹೆಸರೂ ಗೊತ್ತು. ಬಲ್ಲವನ ಮಾತಿಗೆ ಹೊಣೆಯೂ ಹೆಚ್ಚು.

ಹುಬ್ಬಳ್ಳಿಯಲ್ಲಿ ಗಾಡಿ ನಿಂತಿತು. ಇಳಿಯುವ ಗದ್ದಲದಲ್ಲಿಯೇ ಮುದುಕನು ಮಾಸ್ತರರ ತೋಳು ಹಿಡಿದನು.

"ಮಾಸ್ತರ, ಆವಾಗ ರೇಟ್ ಇನ್ನೂ ಏರತೈತಿ ಅಂತ ಹತ್ತಿ ಇಟ್ಕೊಂಡವ್ರು ಏನ್ ಮಾಡಿದ್ರು?"

"ಇಟ್ಕೊಂಡ ಕುಂತ್ರು ನೋಡ್ರಿ," ಎಂದು ಮಾಸ್ತರರು ಜನಸಂದಣಿಯಲ್ಲಿ ಕರಗಿಹೋದರು.

ಮುದುಕನು ಪ್ಲಾಟ್‌ಫಾರ್ಮಿನ ಕಂಬಕ್ಕೆ ಒರಗಿ ಕೊಂಚ ಹೊತ್ತು ನಿಂತನು. ಆಮೇಲೆ ಅಂಗಿಯ ಒಳಜೇಬಿನಿಂದ ಫೋನು ತೆಗೆದು ಹಂಸಭಾವಿಗೆ ಹಚ್ಚಿದನು.

"ತಮ್ಮಾ, ಪ್ಯಾಟಿ ನೋಡೇ ಬರ್ತೀನಿ. ಆದ್ರ ನಾಳೆಗೆ ಟ್ರ್ಯಾಕ್ಟರ್ ಹೇಳಿಡು."