ಕಾಣದ ಪೆಟ್ಟು

ಕೋಲಾರದ ಚಿನ್ನದ ಗಣಿಯ ಊರಿಗೆ ಅದುರುವ ನೆಲ ಹೊಸದಲ್ಲ. ಚಾಂಪಿಯನ್ ರೀಫ್ ಗಣಿ ಭೂಮಿಯೊಳಕ್ಕೆ 3 ಕಿಲೋಮೀಟರಿಗೂ ಮಿಗಿಲಾಗಿ ಇಳಿದಿತ್ತು. ಆ ಪಾತಾಳದಲ್ಲಿ ಒತ್ತಡ ತಾಳಲಾರದೆ ಬಂಡೆ ಸಿಡಿದರೆ ಮೇಲಣ ಮನೆಗಳು ನಡುಗುತ್ತಿದ್ದವು. ಸಿಡಿದ ಬಂಡೆಯನ್ನು ಮನೆಯಲ್ಲಿದ್ದವರು ಕಾಣರು. ಹಾಗೆಂದು ನಡುಕವನ್ನು ಸುಳ್ಳೆನ್ನುವವರುಂಟೆ?

ಗಣಿಗಳು 2001ರಲ್ಲಿ ಮುಚ್ಚಿದವು. ಈಗ ಆ ಊರಿನ ಎಷ್ಟೋ ಮಂದಿ ಮಾರಿಕುಪ್ಪಂ, ಊರಗಾಂ ನಿಲ್ದಾಣಗಳಲ್ಲಿ ನಸುಕಿನಲ್ಲೇ ರೈಲು ಹತ್ತಿ, ಬಂಗಾರಪೇಟೆಯನ್ನು ಹಾದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಅಂಥವನೊಬ್ಬ ಬಂಗಾರಪೇಟೆಯ ಪ್ಲಾಟ್‌ಫಾರಮ್ಮಿನ ನೂಕುನುಗ್ಗಲಿನಲ್ಲಿ ಜಾರಿ ಬಿದ್ದನೆನ್ನಿ. ತಲೆಗೆ ಪೆಟ್ಟು, ಅರೆಗಳಿಗೆ ಕಣ್ಣು ಕತ್ತಲೆ. ಸ್ಕ್ಯಾನ್ ತೆಗೆಸಿದ ವೈದ್ಯರು ರಕ್ತಸ್ರಾವವಿಲ್ಲ, ಕನ್ಕಷನ್ ಅಷ್ಟೆ, ಮಿದುಳು ಅಲುಗಿದೆ ಎಂದರು. ಮನೆಯವರು ದೇವರಿಗೆ ಕೈಮುಗಿದರು.

ಮೂರು ತಿಂಗಳು ಕಳೆಯಿತು. ತಲೆನೋವು ಬಿಡಲಿಲ್ಲ; ನಿದ್ದೆ ಬರಲಿಲ್ಲ. ಬೆಳಕು ಚುಚ್ಚುತ್ತದೆ, ಮಕ್ಕಳ ಗಲಾಟೆ ಸಹಿಸದು, ಹೇಳಿದ ಮಾತು ಮರೆಯುತ್ತದೆ. “ಪಟದಲ್ಲಿ ಏನೂ ಇಲ್ಲವಂತಲ್ಲಪ್ಪ, ಮತ್ತೇನು ನೋವು?” ಎಂದರು ತಾಯಿ. ಹೆಂಡತಿ ಏನೂ ಅನ್ನಲಿಲ್ಲ. ಆ ಮೌನವೇ ಹೆಚ್ಚು ಇರಿಯಿತು. ಮನಶ್ಶಾಸ್ತ್ರಜ್ಞರ ಹೆಸರೆತ್ತಿದೊಡನೆ ಅವನು “ನನಗೇನು ಹುಚ್ಚೆ?” ಎಂದು ಸಿಡಿದ.

ಈ ವಾದ ಹಳೆಯದು. ರೈಲು ಅಪಘಾತಗಳಲ್ಲಿ ಹೊರಗಾಯವಿಲ್ಲದೆ ನರಳುವವರನ್ನು ಕುರಿತು ಲಂಡನ್ನಿನ ಶಸ್ತ್ರವೈದ್ಯ ಎರಿಕ್‌ಸನ್ 1866ರಲ್ಲೇ ಪುಸ್ತಕ ಬರೆದ. ಅದು ಬೆನ್ನುಹುರಿಯ ಪೆಟ್ಟೆಂದು ಕೆಲವರು, ಭಯವೆಂದು ಕೆಲವರು, ಪರಿಹಾರದ ಹಣದಾಸೆಯೆಂದು ಮತ್ತೆ ಕೆಲವರು ವಾದಿಸಿದರು. ದೇಹ ಮನಸ್ಸುಗಳ ನಡುವೆ ಗೋಡೆಯೆಬ್ಬಿಸಿದ್ದರಿಂದ ಬಂದ ತೊಡಕು ಇದು.

ಇಂದಿನ ವೈದ್ಯರು ಆ ಗೋಡೆಯನ್ನು ಅಷ್ಟಾಗಿ ನಂಬುವುದಿಲ್ಲ. ಅಲುಗಿದ ಮಿದುಳು ಬಹುಮಂದಿಗೆ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ. ಕೆಲವರಲ್ಲಿ ಮಾತ್ರ ಬಾಧೆ ಉಳಿಯುತ್ತದೆ. ನಿದ್ದೆಗೆಟ್ಟರೆ ನೋವು ಹೆಚ್ಚು. ನೋವಿಗೆ ಹೆದರಿ ಕತ್ತಲೆಕೋಣೆಯಲ್ಲಿ ಮಲಗಿದರೆ ಮೈ ಸೊರಗಿ ತಲೆಸುತ್ತು ಹೆಚ್ಚು. ಆತಂಕದಿಂದ ಮತ್ತೆ ನಿದ್ದೆಗೇಡು. ಗಾಣದೆತ್ತಿನಂತೆ ರೋಗಿ ಸುತ್ತುತ್ತಾನೆ. ನೋವು ನಿಜ, ಸುತ್ತೂ ನಿಜ.

ಆ ಸುತ್ತನ್ನು ತುಂಡರಿಸುವುದೇ ಮಾನಸಿಕ ಚಿಕಿತ್ಸೆಯ ಕೆಲಸ. ಮೊದಲ ಒಂದೆರಡು ದಿನ ವಿಶ್ರಾಂತಿ ಸಲ್ಲುತ್ತದೆ; ತಿಂಗಳುಗಟ್ಟಲೆ ಸಲ್ಲದು. ಮಲಗುವ ಏಳುವ ಹೊತ್ತಿಗೆ ನಿಯಮ. ಇಂದು ಬೀದಿಯ ಕೊನೆಯವರೆಗೆ ನಡಿಗೆ, ಕೆಲವು ದಿನಗಳ ಮೇಲೆ ನಿಲ್ದಾಣದವರೆಗೆ, ಬಳಿಕ ರೈಲಿನಲ್ಲಿ ಒಂದು ನಿಲ್ದಾಣದಷ್ಟು ಪಯಣ. “ನನ್ನ ಮಿದುಳು ಕೆಟ್ಟೇಹೋಯಿತು” ಎಂಬ ಯೋಚನೆಯನ್ನು ಕಾಗದದ ಮೇಲಿಟ್ಟು, ಚಿಕಿತ್ಸಕರೊಡನೆ ಕುಳಿತು ಒರೆಗೆ ಹಚ್ಚುವುದು. ಇದು ಮಂತ್ರವಲ್ಲ, ಎಲ್ಲರಿಗೂ ಒಂದೇ ಫಲವೂ ಇಲ್ಲ. ತಲೆನೋವು ಬಲಿಯುತ್ತ ಹೋದರೆ, ಪದೇ ಪದೇ ವಾಂತಿಯಾದರೆ, ಮಂಪರು ಕವಿದರೆ, ಮಾತು ತೊದಲಿದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಬೆಂಗಳೂರಿನ ನಿಮ್ಹಾನ್ಸ್ 1974ರಿಂದ ನರಗಳ ಬೇನೆಯನ್ನೂ ಮನಸ್ಸಿನ ಬೇನೆಯನ್ನೂ ಒಂದೇ ಆವರಣದಲ್ಲಿ ನೋಡುತ್ತಿದೆ. ಅಲ್ಲಿಗೆ ಹೋದವರೆಲ್ಲ ಹುಚ್ಚರೆಂಬ ಮಾತು ಮಾತ್ರ ಊರಿನಲ್ಲಿ ಇನ್ನೂ ಉಳಿದಿದೆ.

ಔಷಧದಷ್ಟೇ ಮುಖ್ಯವಾದುದು ಮನೆಯವರ ಪ್ರಶ್ನೆ. “ಮತ್ತೇನು ನೋವು?” ಎಂಬುದು ಪಾಟೀಸವಾಲು, ಉತ್ತರಿಸಲಾಗದವನು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾನೆ. ಸಂಜೆ ಕಾಫಿಯ ಲೋಟ ಮುಂದಿಟ್ಟು “ಇವತ್ತು ಎಲ್ಲಿಯವರೆಗೆ ನಡೆದೆಯಪ್ಪ?” ಎಂದು ತಾಯಿ ಕೇಳಿದರೆ, ಅವನಿಗೆ ಹೇಳಲು ಏನಾದರೂ ಇರುತ್ತದೆ.