ಗಾಡಿಯ ತಲೆ ಕಾಯುವ ಕೆಲಸ

ಅಳತೆಯ ವಿಷಯದಲ್ಲಿ ನಮ್ಮನ್ನು, ಅಂದರೆ ಹೆಂಗಸರನ್ನು, ಸೋಲಿಸುವುದು ಅಷ್ಟು ಸುಲಭವಲ್ಲ. ಹತ್ತು ಜನರ ಊಟಕ್ಕೆ ಎಷ್ಟು ಪಾವು ಅಕ್ಕಿ ಬೇಕು, ಇಷ್ಟು ಬಟ್ಟೆಯಲ್ಲಿ ರವಿಕೆ ಆಗುತ್ತದೋ ಇಲ್ಲವೋ, ಹೊಸ ಬೀರು ನಡುಮನೆ ಬಾಗಿಲಲ್ಲಿ ಹಿಡಿಸುತ್ತದೋ ಇಲ್ಲವೋ, ಎಲ್ಲ ಕಣ್ಣಂದಾಜಿನಲ್ಲೇ ಹೇಳಿಬಿಡುತ್ತೇವೆ. ಆದರೆ ಕಣ್ಣಂದಾಜು ಸುತರಾಂ ನಡೆಯದ ಒಂದು ಜಾಗವಿದೆ. ಎತ್ತರದ ಗಾಡಿಯಲ್ಲಿ ಕೂತು ತಗ್ಗು ಸೇತುವೆಯ ಕೆಳಗೆ ನುಗ್ಗುವ ಜಾಗ!

“ಇದೇನಮ್ಮಾ, ಸಾರು ಪಲ್ಯ ಬಿಟ್ಟು ಸೇತುವೆ ವಿಷಯ ಎತ್ತಿದಳು ಇವಳು” ಅಂತ ಪುಟ ತಿರುಗಿಸಬೇಡಿ. ನಮ್ಮ ಕಡೆಯ ಸಣ್ಣ ಊರುಗಳಲ್ಲೂ ಎಷ್ಟೋ ಮನೆಗಳ ಮಗನೋ ಮಗಳೋ ಈಗ ಅಮೆರಿಕದಲ್ಲಿದ್ದಾರೆ. ಬಾಣಂತನಕ್ಕೆಂದೋ ಬೇಸಿಗೆ ರಜಕ್ಕೆಂದೋ ಹೋದ ನಮ್ಮನ್ನು ಅವರು ಪ್ರೀತಿಯಿಂದ ‘ಆರ್‌ವಿ’ ಪ್ರವಾಸಕ್ಕೆ ಹೊರಡಿಸುವುದುಂಟು. 2023ರ ಬೇಸಿಗೆಯಲ್ಲಿ ನಾವು ನಾರ್ತ್ ಕೆರೋಲಿನಾದಲ್ಲಿರುವ ನನ್ನ ತಮ್ಮನ ಮನೆಗೆ ಹೋದಾಗ ನಮಗೂ ಆ ಯೋಗ ಬಂತು.

ಆರ್‌ವಿ ಅಂದರೆ ಗಾಲಿಯ ಮೇಲಿನ ಮನೆ ಅನ್ನಿ. ಒಲೆ, ಫ್ರಿಜ್ಜು, ಪಾತ್ರೆ ತೊಳೆಯುವ ತೊಟ್ಟಿ, ಬಚ್ಚಲು, ಹಾಸಿಗೆ, ಎಲ್ಲವೂ ಒಳಗೇ. ಬೆಳಿಗ್ಗೆ ಕಾಡಿನ ಪಕ್ಕ ಗಾಡಿ ನಿಲ್ಲಿಸಿ ಉಪ್ಪಿಟ್ಟು ಕೆದಕುವ ಸುಖ ಇದೆಯಲ್ಲ, ಅದನ್ನು ಬರೆದು ತಿಳಿಸಲಾರೆ. ಆದರೆ ಈ ಮನೆಯ ಎತ್ತರ ಸುಮಾರು 10ರಿಂದ 13 ಅಡಿ. ಚಾವಣಿಯ ಮೇಲೆ ಏಸಿ ಪೆಟ್ಟಿಗೆ ಬೇರೆ. ಓಡಿಸುವವರೋ, ದಿನಾ ಐದಡಿ ಎತ್ತರದ ಕಾರು ಓಡಿಸಿ ರೂಢಿಯಾದವರು. ಬಾಡಿಗೆಗೆ ಸಿಗುವ ಇಂಥ ಗಾಡಿಗೆ ಹೆಚ್ಚಿನ ಕಡೆ ಮಾಮೂಲು ಕಾರಿನ ಲೈಸೆನ್ಸೇ ಸಾಕು. ತಲೆಯ ಮೇಲೆ ಇನ್ನೊಂದು ಅಟ್ಟ ಇದೆ ಅನ್ನುವುದು ಅರ್ಧ ಗಂಟೆಯಲ್ಲಿ ಮರೆತೇ ಹೋಗುತ್ತದೆ.

ನನ್ನ ತಮ್ಮ ಹೊರಡುವ ಮುಂಚೆ ಒಂದು ಒಳ್ಳೆಯ ಕೆಲಸ ಮಾಡಿದ. ಕಾಗದದಲ್ಲಿ ಬರೆದ ಎತ್ತರವನ್ನು ನಂಬದೆ, ಏಣಿ ಇಟ್ಟು ಟೇಪು ಹಿಡಿದು ನೆಲದಿಂದ ಏಸಿಯ ನೆತ್ತಿಯವರೆಗೆ ಅಳೆದ. ಕೆಲವು ಸಲ ಕಾಗದದ ಲೆಕ್ಕದಲ್ಲಿ ಏಸಿ, ಆಂಟೆನಾ ಸೇರಿರುವುದಿಲ್ಲವಂತೆ. ನಮ್ಮದು 11 ಅಡಿ 10 ಅಂಗುಲ ಬಂತು. ಕೈಗಾವಲಿಗೆ ಇರಲಿ ಎಂದು ಎರಡಂಗುಲ ಸೇರಿಸಿ, ರಟ್ಟಿನ ಮೇಲೆ ದಪ್ಪಗೆ ‘12 ಅಡಿ’ ಅಂತ ಬರೆದು ಸ್ಟೀರಿಂಗಿನ ಎದುರು ಅಂಟಿಸಿದ. “ಅಕ್ಕಾ, ನೀನು ನನ್ನ ಪಕ್ಕ ಕೂತ್ಕೋ. ಹಳದಿ ಬೋರ್ಡು ಕಂಡ್ರೆ ಗಟ್ಟಿಯಾಗಿ ಓದು” ಅಂದ. ನಾನು ಓದಿದ್ದು ಎಸ್ಸೆಸ್ಸೆಲ್ಸಿ ಮಾತ್ರ. ಆದರೂ ಅಡಿ, ಅಂಗುಲ ಓದುವುದಕ್ಕೆ ಡಿಗ್ರಿ ಬೇಕೇ? ಅಮೆರಿಕದಲ್ಲಿ ಸೇತುವೆಯ ಎತ್ತರವನ್ನು ಅಡಿ-ಅಂಗುಲದಲ್ಲೇ ಬರೆದಿರುತ್ತಾರೆ.

ಆ ಬಾಡಿಗೆ ಕರಾರಿನ ಸಣ್ಣ ಅಕ್ಷರಗಳಲ್ಲಿ ಇನ್ನೊಂದು ಮಾತಿತ್ತು. ಚಾವಣಿಗೆ ಪೆಟ್ಟಾದರೆ ವಿಮೆ ಇಲ್ಲ, ಪೂರ್ತಿ ಖರ್ಚು ನಮ್ಮದೇ. ನೀವೂ ಕರಾರಿಗೆ ರುಜು ಹಾಕಿಸುವ ಮೊದಲು ಅದೊಂದನ್ನು ಕೇಳಿಸಿ ನೋಡಿ.

ಮೂರನೆಯ ದಿನ ದೊಡ್ಡ ರಸ್ತೆಯಲ್ಲಿ ವಾಹನಗಳು ಸಾಲುಗಟ್ಟಿ ನಿಂತುಬಿಟ್ಟವು. ತಮ್ಮನ ಫೋನು ಒಂದು ಒಳದಾರಿ ತೋರಿಸಿತು. ಫೋನಿನ ಮಾಮೂಲು ನಕ್ಷೆಗೆ ನಾವು ಕಾರಿನಲ್ಲಿದ್ದೇವೋ ಮನೆಯಲ್ಲಿದ್ದೇವೋ ಏನು ಗೊತ್ತು? ಒಂದು ಸಣ್ಣ ಊರು, ಮುಂದೆ ರೈಲು ಸೇತುವೆ, ಅದರ ಮುಂಚೆ ಹಳದಿ ಬೋರ್ಡು: 10 ಅಡಿ 2 ಅಂಗುಲ. “ತಮ್ಮಾ, ನಿಲ್ಸು!” ಅಂದೆ. ಹಿಂದೆ ಕೂತಿದ್ದ ನಮ್ಮ ಯಜಮಾನರು ಬಗ್ಗಿ ನೋಡಿ, “ಹೋಗತ್ತೆ ಬಿಡೆ, ಅಷ್ಟೊಂದು ಜಾಗ ಕಾಣ್ತಿದೆಯಲ್ಲ” ಅಂದರು. ಹಿಂದಿನ ಕಾರುಗಳಿಂದ ಹಾರನ್ನು. “ಒಂದೂಮುಕ್ಕಾಲು ಅಡಿ ಸಾಲದು ರೀ” ಅಂದೆ. ತಮ್ಮ ಗಾಡಿ ನಿಲ್ಲಿಸಿ ನಾಲ್ಕೂ ದೀಪ ಮಿನುಗಿಸಿ ಪೊಲೀಸರಿಗೆ ಫೋನು ಮಾಡಿದ. ಅವರು ಬಂದು ಹಿಂದಿನ ವಾಹನಗಳನ್ನು ತಡೆದರು. ಯಜಮಾನರೇ ಇಳಿದು ಹಿಂದೆ ನಿಂತು ಕೈ ತೋರಿಸಿದರು. ಇಪ್ಪತ್ತು ನಿಮಿಷದಲ್ಲಿ ಗಾಡಿ ಹಿಂದೆ ಸರಿದು ಪಕ್ಕದ ಬೀದಿ ಹಿಡಿಯಿತು. ಯಾರೂ ಬೈಯಲಿಲ್ಲ, ನಗಲಿಲ್ಲ.

ಈ ಮಾತನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಅಂಥ ಗಾಡಿಯಲ್ಲಿ ಚಾಲಕನ ತಲೆಯ ಮೇಲೆ ಒಂದು ಹಾಸಿಗೆ ಇರುತ್ತದೆ. ಪುಟ್ಟ ಕಿಟಕಿ, ಬೆಚ್ಚನೆಯ ಗೂಡು, ಮಕ್ಕಳಿಗೆ ಪ್ರಾಣ. ಅವತ್ತು ಬೆಳಿಗ್ಗೆ ತಮ್ಮನ ಮಕ್ಕಳಿಬ್ಬರೂ “ಅತ್ತೆ, ನಾವು ಮೇಲೆ ಮಲಕ್ಕೊಂಡು ಬರ್ತೀವಿ” ಅಂತ ಒಂದೇ ಸಮನೆ ಗೋಗರೆದಿದ್ದರು. ಅವರಮ್ಮ ಜಪ್ಪಯ್ಯ ಅಂದರೂ ಬಿಡಲಿಲ್ಲ. ಬೆಲ್ಟು ಕಟ್ಟಿ ಕೆಳಗೇ ಕೂರಿಸಿದ್ದಳು. ಸೇತುವೆಯ ಉಕ್ಕಿನ ತೊಲೆಗೂ ಆ ಹಾಸಿಗೆಗೂ ಹೆಚ್ಚುಕಮ್ಮಿ ಒಂದೇ ಎತ್ತರ ಅನ್ನುವುದನ್ನು ನಾವಿಬ್ಬರೂ ನೋಡಿದೆವು. ಬಾಯಿ ಬಿಟ್ಟು ಏನೂ ಹೇಳಿಕೊಳ್ಳಲಿಲ್ಲ. ಅವಳು ಮಕ್ಕಳ ತಲೆ ಸವರಿದಳು, ಅಷ್ಟೆ. ಗಾಡಿ ಓಡುವಾಗ ಆ ಹಾಸಿಗೆಯಲ್ಲಿ ಯಾರೂ ಇರಕೂಡದು. ಮಕ್ಕಳು ಅತ್ತರೂ ಸರಿ.

ನಿಲ್ಲಿಸದವರ ಪಾಡು ಏನಾಗುತ್ತದೆ ಅನ್ನುವುದಕ್ಕೆ ನಾರ್ತ್ ಕೆರೋಲಿನಾದ ಡರ್ಹಮ್ ಊರಿನಲ್ಲಿ ಒಂದು ಹೆಸರಾದ ಸೇತುವೆಯೇ ಇದೆ. ಗ್ರೆಗ್ಸನ್ ಬೀದಿಯ ರೈಲು ಸೇತುವೆ. ಡಬ್ಬಿಯ ಮುಚ್ಚಳ ಕತ್ತರಿಸುವ ಹಾಗೆ ಲಾರಿ, ಆರ್‌ವಿಗಳ ಚಾವಣಿ ಸೀಳುತ್ತದೆಂದು ಅದಕ್ಕೆ ‘ಕ್ಯಾನ್ ಓಪನರ್’ ಅಂತಲೇ ಅಡ್ಡಹೆಸರು. ಪಕ್ಕದ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದವರೊಬ್ಬರು 2008ರಲ್ಲಿ ಕ್ಯಾಮೆರಾ ಇಟ್ಟು ಈ ಅಪಘಾತಗಳನ್ನು ಜಗತ್ತಿಗೇ ತೋರಿಸಿದರು. ಅದರ ಎತ್ತರ 11 ಅಡಿ 8 ಅಂಗುಲ ಇತ್ತು. ರಸ್ತೆಯನ್ನು ತಗ್ಗಿಸೋಣವೆಂದರೆ ಕೆಳಗೆ ಚರಂಡಿಯ ದೊಡ್ಡ ಕೊಳವೆ. ಎತ್ತರದ ಗಾಡಿ ಬಂದರೆ ತಾನೇ ಕೆಂಪು ದೀಪ ಹತ್ತುವ ಏರ್ಪಾಡನ್ನು 2016ರಲ್ಲಿ ಮಾಡಿದರು. 2019ರಲ್ಲಿ ಸೇತುವೆಯನ್ನೇ 8 ಅಂಗುಲ ಮೇಲೆತ್ತಿ 12 ಅಡಿ 4 ಅಂಗುಲ ಮಾಡಿದರು. ಆಮೇಲೂ ಗಾಡಿಗಳು ಬಡಿದುಕೊಂಡಿವೆ! ಬೋರ್ಡು ಎಷ್ಟಿದ್ದರೇನು, ಓದುವ ಕಣ್ಣು ಬೇಕಲ್ಲ.

ಅಲ್ಲಿ ದೊಡ್ಡ ಹೆದ್ದಾರಿಗಳ ಸೇತುವೆಗಳು ಸಾಮಾನ್ಯವಾಗಿ 14ರಿಂದ 16 ಅಡಿ ಇರುತ್ತವೆ, ಭಯವಿಲ್ಲ. ಹೆದ್ದಾರಿ ಬಿಟ್ಟು ಹಳೆಯ ಊರುಗಳ ಒಳಗೆ ಹೋದಾಗಲೇ ಎಚ್ಚರ ಬೇಕು. ಹೆಸರಿಗೂ ಮೋಸಹೋಗಬೇಡಿ. ‘ಪಾರ್ಕ್‌ವೇ’ ಅಂದಾಕ್ಷಣ ಎಲ್ಲವೂ ಒಂದೇ ಅಲ್ಲ. ಬ್ಲೂ ರಿಡ್ಜ್ ಪಾರ್ಕ್‌ವೇಯಲ್ಲಿ ಆರ್‌ವಿಗೆ ಪ್ರವೇಶವಿದೆ, ಸುರಂಗಗಳ ಎತ್ತರ ನೋಡಿಕೊಂಡರಾಯಿತು. ಕನೆಕ್ಟಿಕಟ್‌ನ ಮೆರಿಟ್ ಪಾರ್ಕ್‌ವೇಯಲ್ಲಾದರೆ 8 ಅಡಿಗಿಂತ ಎತ್ತರದ ವಾಹನ ಕಾಲಿಡುವಂತೆಯೇ ಇಲ್ಲ. ಬಾಸ್ಟನ್ನಿನ ಸ್ಟಾರೋ ಡ್ರೈವ್ ಸಹ ಕಾರಿಗೆ ಮಾತ್ರ. ಪ್ರತಿ ವರ್ಷ ಸೆಪ್ಟೆಂಬರ್ 1ರ ಸುಮಾರಿಗೆ ವಿದ್ಯಾರ್ಥಿಗಳು ಮನೆ ಬದಲಿಸುವಾಗ ಸಾಮಾನಿನ ಟ್ರಕ್ಕುಗಳು ಅಲ್ಲಿ ಸಿಕ್ಕಿಕೊಳ್ಳುವುದು ವಾಡಿಕೆಯೇ ಆಗಿದೆ. ಶೆನಂಡೋವಾದ ಬೆಟ್ಟದ ರಸ್ತೆಯಲ್ಲಿ ಮೇರೀಸ್ ರಾಕ್ ಸುರಂಗ 12 ಅಡಿ 8 ಅಂಗುಲ. ನಮ್ಮ ಗಾಡಿಗೆ 10 ಅಂಗುಲ ಉಳಿಯಿತು. ಆದರೂ ಒಳಗೆ ಹೋಗುವಾಗ ನಾವೆಲ್ಲ ತಲೆ ಬಗ್ಗಿಸಿದ್ದೆವು!

ಇನ್ನು ಕೆಲವು ಸಣ್ಣಪುಟ್ಟ ಮಾತುಗಳು. ಗಾಡಿಯ ಎತ್ತರ ಹಾಕಿದರೆ ಅದಕ್ಕೆ ತಕ್ಕ ದಾರಿ ತೋರಿಸುವ ಯಂತ್ರ ಸಿಗುತ್ತದೆ. ತಗ್ಗು ಸೇತುವೆಗಳ ಪಟ್ಟಿ ಇರುವ ಲಾರಿಯವರ ನಕ್ಷೆ ಪುಸ್ತಕವೂ ಸಿಗುತ್ತದೆ. ಬೋರ್ಡಿನ ಸಂಖ್ಯೆಗೂ ನಮ್ಮ ಎತ್ತರಕ್ಕೂ ಒಂದೆರಡು ಅಂಗುಲವಷ್ಟೇ ವ್ಯತ್ಯಾಸವಿದ್ದರೆ ಹೋಗದಿರುವುದೇ ಮೇಲು. ರಸ್ತೆಗೆ ಹೊಸದಾಗಿ ಟಾರು ಬಿದ್ದರೂ, ಹಿಮ ಗಟ್ಟಿಯಾಗಿ ಕೂತರೂ ಅಷ್ಟು ಎತ್ತರ ಕಡಿಮೆಯಾಗುತ್ತದೆ. ಕಮಾನಿನ ಸೇತುವೆಯಾದರೆ ನಡುವೆ ಎತ್ತರ, ಅಂಚಿನಲ್ಲಿ ತಗ್ಗು. ಪೆಟ್ರೋಲ್ ಬಂಕಿನ ಚಾವಣಿ, ಕಾರಿನಲ್ಲೇ ಕೂತು ತಿಂಡಿ ಕೊಳ್ಳುವ ಹೋಟೆಲಿನ ಕಿಟಕಿ ಚಪ್ಪರ, ಬಾಗಿದ ಮರದ ಕೊಂಬೆ, ಇವೂ ಸೇತುವೆಯ ದಾಯಾದಿಗಳೇ. ಅಡುಗೆ ಗ್ಯಾಸಿನ ಸಿಲಿಂಡರು ಇದ್ದರೆ ಕೆಲವು ಸುರಂಗಗಳಲ್ಲಿ ಬಿಡುವುದಿಲ್ಲ, ಮೊದಲೇ ವಿಚಾರಿಸಿ. ಅಕಸ್ಮಾತ್ ರೈಲು ಸೇತುವೆಗೆ ತಗುಲಿದರೆ ಗುಟ್ಟಾಗಿ ಹೊರಟುಬಿಡಬಾರದು, ಕೂಡಲೇ ತಿಳಿಸಬೇಕು. ಮೇಲೆ ರೈಲು ಬರುವುದುಂಟಲ್ಲ!

ಅಮೆರಿಕಕ್ಕೆ ಹೋಗದವರಿಗೂ ಇದು ಹೊರಗಿನ ಮಾತಲ್ಲ. ನಮ್ಮಲ್ಲೂ ರೈಲ್ವೆ ಕೆಳಸೇತುವೆಗಳ ಮುಂದೆ ಕಬ್ಬಿಣದ ಅಡ್ಡಪಟ್ಟಿ ಇರುತ್ತದೆ, ಎತ್ತರವನ್ನು ಮೀಟರಿನಲ್ಲಿ ಬರೆದಿರುತ್ತಾರೆ. ವರ್ಗವಾಗಿ ಮನೆ ಸಾಮಾನನ್ನು ಲಾರಿಗೆ ಹೇರುವಾಗ ಎಲ್ಲಕ್ಕಿಂತ ಮೇಲೆ ಮಂಚವನ್ನು ಕಾಲು ಮೇಲಾಗಿ ಕಟ್ಟುತ್ತೇವಲ್ಲ, ಆ ಕಾಲಿನ ತುದಿಯವರೆಗೂ ಅಳತೆ ಹಿಡಿಸಬೇಕು. ಮೀಟರನ್ನು ಸುಮಾರು ಮೂರೂಕಾಲು ಅಡಿ ಅಂತ ಲೆಕ್ಕ ಇಟ್ಟುಕೊಳ್ಳಿ.

ಮುಂದೆ ನಿಮ್ಮ ಮಗನೋ ಅಳಿಯನೋ “ಅಮ್ಮಾ, ಆರ್‌ವಿ ತಗೊಂಡಿದೀವಿ, ಹೊರಡೋಣ” ಅಂದಾಗ ಖಂಡಿತ ಹೊರಡಿ. ಚಟ್ನಿಪುಡಿ ಡಬ್ಬಿ ಕಟ್ಟಿಕೊಳ್ಳಿ, ಮಡಚುವ ಟೇಪು ಒಂದು ಚೀಲದಲ್ಲಿರಲಿ. ಗಾಡಿ ಹತ್ತುವ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಿ: “ಇದರ ಎತ್ತರ ಎಷ್ಟಪ್ಪಾ?” ಉತ್ತರ ಥಟ್ಟನೆ ಬಾರದಿದ್ದರೆ, ಏಣಿ ತರಿಸಿ.